ಹನ್ನೊಂದು ವಿಮಾನಗಳ ಗಾಲಿ

ಫೆಬ್ರವರಿ ಮೂವತ್ತು, 2118
ಭೀಮಾ ತಂಗುನೆಲ

ಗಂಗಾಂಬಿಕಾ ಆಯಿಗೆ ನಿನ್ನ ಮೊಮ್ಮಗನ ಮಗ ಕಲ್ಲಿನಾಥ ಬರೆಯುವುದು.

ತಾರೀಖು ನೋಡಿ ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ತಿಂಗಳುಗಳನ್ನು ಸರಿಸಮ ಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ನನ್ನ ಕೆಲವು ಮಾತುಗಳೂ ನಿನಗೆ ಹೊಸವು; ಕ್ಷಮಿಸು. ತಂಗುನೆಲ ಎಂದರೆ ಹಾರದ ವಿಮಾನಗಳನ್ನು ನಿಲ್ಲಿಸಿಟ್ಟ ಬಯಲು. ನಾನು ಇಲ್ಲಿಯ ಕಾವಲುಗಾರ. ಇಲ್ಲಿರುವ ಹನ್ನೊಂದೂ ನೀನು ಕೊಂಡವು.

ನಿನ್ನ ಕಡತ ನನ್ನ ಹತ್ತಿರವಿದೆ. 2034ರಲ್ಲಿ ನಿಮ್ಮ ವಿಮಾನಯಾನ ಕಂಪನಿ, ಸೀಟುಗಳ ನಡುವೆ ಒಂದೇ ಓಣಿಯಿರುವ ನೂರು ಜೆಟ್‌ಗಳನ್ನು ಕೊಳ್ಳುವಾಗ ಕಾರ್ಖಾನೆಯವರು ಎರಡು ದಾರಿ ತೋರಿಸಿದ್ದರು. ಒಂದರಲ್ಲಿ ಭಾರಿ ರಿಯಾಯಿತಿ. ಆದರೆ ಸಂಖ್ಯೆ, ಮಾದರಿ, ತಿಂಗಳು ಯಾವುದನ್ನೂ ಬದಲಿಸುವಂತಿಲ್ಲ. ಇನ್ನೊಂದರಲ್ಲಿ ಬೆಲೆ ಹೆಚ್ಚು. ಬೇಕಾದರೆ ವಿಮಾನಗಳನ್ನು ತಡವಾಗಿ ತರಿಸಬಹುದು, ದೊಡ್ಡದರ ಬದಲು ಸಣ್ಣದು ಕೇಳಬಹುದು, ಕೆಲವನ್ನು ಬೇಡವೆನ್ನಬಹುದು. ನೀನು ಎರಡನ್ನೂ ಪಕ್ಕಪಕ್ಕ ಬರೆದು ತೂಗಿ ನೋಡಿದ್ದೀಯ. ರಿಯಾಯಿತಿಯ ಕೆಳಗೆ ದೊಡ್ಡ ಅಂಕೆಯಿದೆ. ‘ಬದಲಿಸುವ ಹಕ್ಕಿಗೆ ಬೆಲೆ ಎಷ್ಟು?’ ಎಂಬುದರ ಕೆಳಗೆ ಏನೂ ಇಲ್ಲ. ನಿನ್ನನ್ನು ದೂರುವುದು ಸುಲಭ. ಆದರೆ ಕಾರ್ಖಾನೆಯ ಸರತಿ ಎಂಟು ವರ್ಷ ಉದ್ದವಿತ್ತು, ಎದುರಾಳಿ ಕಂಪನಿ ಬಾಗಿಲಲ್ಲೇ ನಿಂತಿತ್ತು, ಅಂಕೆಯಿಲ್ಲದ ಮಾತನ್ನು ಸಭೆಯಲ್ಲಿ ಯಾರು ಕೇಳುತ್ತಾರೆ? ನೀನು ಅಗ್ಗದ ಕಡೆ ಸಹಿ ಹಾಕಿದೆ.

ಆಮೇಲೆ ಬರಿದುವರ್ಷಗಳು ಬಂದವು. ಇಂಧನವಿಲ್ಲದೆ ಜನ ಹಾರುವುದನ್ನೇ ಬಿಟ್ಟ ಕಾಲಕ್ಕೆ ಆ ಹೆಸರು. ವಿಮಾನಗಳು ಮಾತ್ರ ಬರುವುದನ್ನು ಬಿಡಲಿಲ್ಲ. ಕಡೆಯ ಹನ್ನೊಂದೂ ಕಾರ್ಖಾನೆಯಿಂದ ನೇರ ಇಲ್ಲಿಗೇ ಬಂದಿಳಿದವು. ಒಂದರಲ್ಲೂ ಪ್ರಯಾಣಿಕರು ಕೂತಿಲ್ಲ. ಸೀಟುಗಳ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ. ಕಂಪನಿ ಮುಳುಗಿತು. ನಿನ್ನ ಮೊಮ್ಮಗ, ಅಂದರೆ ನನ್ನ ಅಪ್ಪ, ನಿನ್ನ ಸಹಿಯ ಮುಜುಗರಕ್ಕೇ ಇಲ್ಲಿ ಕಾವಲಿಗೆ ಬಂದ. ಇಂದಲ್ಲ ನಾಳೆ ಕೊಳ್ಳುವವರು ಬಂದಾರು ಎಂದು, ಈ ವಿಮಾನಗಳನ್ನು ವಹಿಸಿಕೊಂಡ ಮಂಡಳಿ ಇನ್ನೂ ಕಾಯುತ್ತಿದೆ.

ಪ್ರತಿ ಮಂಗಳವಾರ ಗಾಲಿ ತಿರುಗಿಸುವುದು ನಮ್ಮ ಕೆಲಸ. ವಿಮಾನ ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಬ್ಬರು ಟ್ರ್ಯಾಕ್ಟರಿನಿಂದ ವಿಮಾನವನ್ನು ಮೆಲ್ಲಗೆ ಎಳೆಯಬೇಕು. ಗೆರೆ ಕಾಲು ಸುತ್ತು ಬಂದಾಗ ಇನ್ನೊಬ್ಬರು ಕೈ ಎತ್ತಬೇಕು. ಕೈ ಎತ್ತುತ್ತಿದ್ದವಳು ನನ್ನ ಮಗಳು ನೀಲಾಂಬಿಕೆ. ಅವಳ ತಾಯಿ ತೀರಿಕೊಂಡ ಮೇಲೆ ಈ ಬಯಲಿನಲ್ಲಿ ನಾವಿಬ್ಬರೇ.

ಕಳೆದ ತಿಂಗಳು ಮಂಡಳಿ ಅವಳಿಗೂ ಬಿಗಿಪತ್ರ, ಅಂದರೆ ಕಾವಲಿನ ಕರಾರು, ಕಳಿಸಿತು. ಸಹಿ ಹಾಕಿದರೆ ಮನೆ, ಪೂರ್ತಿ ರೇಷನ್ನು, ಔಷಧ. ಆದರೆ ನಲವತ್ತು ವರ್ಷ ಇಲ್ಲಿಂದ ಕದಲುವಂತಿಲ್ಲ. ನಾನೂ ಇಪ್ಪತ್ತರಲ್ಲಿ ಅದಕ್ಕೇ ಸಹಿ ಹಾಕಿದವನು, ಇನ್ನೂ ನಾಲ್ಕು ವರ್ಷ ಬಾಕಿಯಿದೆ. ಅತ್ತ ಕಾರವಾರದಿಂದ ದೋಣಿ ಕಟ್ಟುವವರು ಅವಳನ್ನು ಕರೆದಿದ್ದರು: ವರ್ಷದಿಂದ ವರ್ಷಕ್ಕೆ ಕೆಲಸ, ಅರ್ಧ ರೇಷನ್ನು, ಬೇಡವೆನಿಸಿದ ದಿನ ಹೊರಡಬಹುದು. ಚಿಕ್ಕಂದಿನಿಂದ ದೋಣಿಗಳ ಚಿತ್ರವನ್ನೇ ಬಿಡಿಸಿದವಳು ಬಿಗಿಪತ್ರವನ್ನು ಕೈಗೆತ್ತಿಕೊಂಡಳು. ಯಾಕವ್ವಾ ಎಂದು ಕೇಳಿದೆ.

“ನಾ ಹೋದ್ರ ಗೆರಿ ಯಾರ್ ನೋಡ್ತಾರಪ್ಪಾ?”

ನನಗೆ ಖುಷಿಯಾಯಿತು, ಆಯಿ. ಅದನ್ನು ಮುಚ್ಚಿಡುವುದಿಲ್ಲ. ಎರಡು ದಿನ ಆ ಖುಷಿಯಲ್ಲೇ ಹೊಟ್ಟೆ ತುಂಬ ಉಂಡೆ. ಮೂರನೆಯ ದಿನ ನಿನ್ನ ಕಡತ ತೆಗೆದು ಆ ಖಾಲಿ ಜಾಗವನ್ನು ಅವಳಿಗೆ ತೋರಿಸಿದೆ. ಗೆರೆ ನಾನೇ ನೋಡಿಕೊಳ್ಳುತ್ತೇನೆ, ಅದೇನು ಮಹಾ, ಒಬ್ಬನೇ ಮಾಡಬಹುದು ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲ, ಆದರೂ ಭಾನುವಾರ ಹೊರಟಳು.

ಇಂದು ಮಂಗಳವಾರ. ಗೇಣುದ್ದ ಎಳೆಯುವುದು, ಟ್ರ್ಯಾಕ್ಟರಿನಿಂದ ಇಳಿದು ಬಂದು ಗೆರೆ ನೋಡುವುದು, ಮತ್ತೆ ಹತ್ತುವುದು. ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಕೆಲಸ ಸಂಜೆಯಾದರೂ ಆರನೆಯ ವಿಮಾನದಲ್ಲೇ ಇದೆ. ಊಟಕ್ಕೆ ರೂಢಿಯಂತೆ ಎರಡು ತಟ್ಟೆ ಇಟ್ಟು, ಒಂದನ್ನು ಎತ್ತಿಟ್ಟೆ. ಮಾತಾಡಲು ಯಾರೂ ಇಲ್ಲದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ನನ್ನದು ಒಂದೇ ಕೋರಿಕೆ. ಸಹಿ ಹಾಕುವ ಮುಂಚೆ ಆ ಖಾಲಿ ಜಾಗದಲ್ಲಿ ಏನಾದರೂ ಬರೆ. ಏನೂ ಹೊಳೆಯದಿದ್ದರೆ ನೀಲಾಳ ಹಕ್ಕಿಗೆ ನಾನು ಕೊಟ್ಟ ಬೆಲೆಯನ್ನೇ ಬರೆದುಕೋ. ಬೆಳಿಗ್ಗೆ ಮೊದಲನೆಯ ವಿಮಾನದ ಗೆರೆ ಸರಿಯಾಗಿ ಕಾಲು ಸುತ್ತು ಬಂದಾಗ, ನೀಲಾ ಮಾಡುತ್ತಿದ್ದಂತೆ ನಾನೂ ಕೈ ಎತ್ತಿದೆ. ಟ್ರ್ಯಾಕ್ಟರಿನಲ್ಲಿ ಯಾರೂ ಇರಲಿಲ್ಲ.