ನಾನು ಉಜ್ಜದ ಟೋಪಿ

ಮಂಗಳವಾರ, ಹದಿನಾಲ್ಕು. ರಾತ್ರಿ.

ಕಾರ್ಖಾನೆಯಿಂದ ಮನೆಗೆ ತಂದ ಹೊಸ ಕೌಬಾಯ್ ಟೋಪಿಗಳನ್ನು ಉಪ್ಪುಕಾಗದದಿಂದ ಎಷ್ಟು ಉಜ್ಜಿದರೂ ಹಳೆಯದರ ಹಾಗೆ ಕಾಣುತ್ತಿಲ್ಲ. ಹನ್ನೊಂದು ಕೆಡಿಸಿದೆ.

"ಓದದಿದ್ರೆ ದನ ಕಾಯ್ಬೇಕಾಗುತ್ತೆ" ಎಂದು ಮೇಷ್ಟ್ರು ಬೈದಾಗೆಲ್ಲ ತಲೆ ತಗ್ಗಿಸುತ್ತಿದ್ದೆ. ನನ್ನಪ್ಪ ದನವನ್ನೇ ಕಾಯುತ್ತಿದ್ದ. ಈಗ ದನ ಕಾಯುವವರ ಟೋಪಿಗೇ ಜನ ಮುಗಿಬೀಳುತ್ತಿದ್ದಾರೆ, ಅದೂ ಸವೆದಷ್ಟೂ ಚೆಂದವಂತೆ.

ಮಧ್ಯಾಹ್ನ ನಾನು ಟೋಪಿ ಉಜ್ಜುವ ಕಾರ್ಖಾನೆಗೆ ಊಟ ತಂದ ಅಪ್ಪ, ದನ ಕಾಯುವಾಗ ಹಾಕುತ್ತಿದ್ದ ತನ್ನ ಅಗಲ ಅಂಚಿನ ಹಳೇ ಟೋಪಿಯನ್ನು ನನ್ನ ಮೇಜಿನ ಮೇಲಿಟ್ಟ. ಮಾಲೀಕರು ಅದನ್ನೆತ್ತಿ, "ಅಬ್ಬಾ, ಇದನ್ನ ಯಾರು ಉಜ್ಜಿದ್ದು?" ಎಂದರು. ಅಪ್ಪನೆದುರೇ "ನಾನೇ ಸಾರ್" ಎಂದುಬಿಟ್ಟೆ.

"ಹಂಗಾದ್ರೆ ನಾಳೆಗೆ ಇಂಥವೇ ನಲವತ್ತು ಬೇಕು. ಆಗ್ದಿದ್ರೆ ನೀನು ಬರೋದೇ ಬೇಡ."

ಮೂವತ್ತು ವರ್ಷದ ಬೆವರಿನ ಕಲೆಯನ್ನು ಎಲ್ಲಿಂದ ತರಲಿ?

ಅಪ್ಪ ಬೈಯಲಿಲ್ಲ. ಈಗ ಬಂದು ಟೋಪಿಯನ್ನು ಪಕ್ಕದಲ್ಲಿಟ್ಟು, "ನೋಡ್ಕೊಂಡು ಮಾಡು ಮಗಾ, ಇದು ನಿಂದೇ ಅಲ್ವಾ" ಎಂದು ಮಲಗಲು ಹೋದ. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.