ಅರ್ಧಕ್ಕೆ ಎತ್ತಿದ ಕಮಾನು

ರೀ, ಈ ಮನೆಯ ಯಜಮಾನಿ ಬರೆಯುತ್ತಿದ್ದೇನೆ. ನೀವು ಹೋದ ಮೇಲೂ ಗಂಡುಮಕ್ಕಳು, ಸೊಸೆಯರು ನಾನು ಹಾಕಿದ ಗೆರೆ ದಾಟಿಲ್ಲ. ದಾಟಿದವಳು ನಿಮ್ಮ ಕಿರಿಮಗಳೊಬ್ಬಳೇ. ವೃದ್ಧಾಶ್ರಮಗಳಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಾಳೆ.

ಇವತ್ತು ನೋಡಲು ಹೋಗಿದ್ದೆ. ಊಟದ ಕೋಣೆಯ ಮೇಜುಗಳನ್ನು ಸರಿಸಿ, ಗಾಲಿಕುರ್ಚಿಗಳ ನಡುವೆ ಕೂತು ಹಳೆಯ ಲಾಲಿಯೊಂದನ್ನು ನುಡಿಸುತ್ತಿದ್ದಳು. ಅರ್ಧ ಸಾಲಿಗೆ ಕಮಾನು ಎತ್ತಿಬಿಟ್ಟಳು. ಮರೆತಳೆಂದು ನಾಚಿ, ಉಳಿದದ್ದನ್ನು ನಾನೇ ಗಟ್ಟಿಯಾಗಿ ಹಾಡಿದೆ.

"ಅಮ್ಮಾ, ಸ್ವಲ್ಪ ಸುಮ್ನಿರ್ತೀಯಾ? ಅದು ಅವರಿಗೆ ಬಿಟ್ಟಿದ್ದು, ನಿಂಗಲ್ಲ!" ಅಂದಳು. ನನಗೆ! ಮುದುಕರೆಲ್ಲ ಬೊಚ್ಚುಬಾಯಿ ತೆರೆದು ನಕ್ಕರು.

ಮತ್ತೆ ನುಡಿಸಿ, ಮತ್ತೆ ನಿಲ್ಲಿಸಿ ಕಾದಳು. ಮುದುಕಿಯೊಬ್ಬಳು, ತಿಂಗಳುಗಳಿಂದ ತುಟಿ ಬಿಚ್ಚಿರಲಿಲ್ಲವಂತೆ, ಉಳಿದರ್ಧವನ್ನು ಹಾಡಿದಳು. ನರ್ಸಮ್ಮ ಕಣ್ಣೊರೆಸಿಕೊಂಡಳು. ಮುದುಕಿಯ ಶ್ರುತಿ ಎಲ್ಲೋ ಇತ್ತು. ಇವಳು ಪಿಟೀಲನ್ನೇ ಅಲ್ಲಿಗೆ ಇಳಿಸಿ ಜೊತೆಗೆ ನಡೆಸಿದಳು. ಆ ಕಿವಿ ನಿಮ್ಮದೇ. ಆ ತಾಳ್ಮೆ ನಮ್ಮಿಬ್ಬರದೂ ಅಲ್ಲ.

ನಿಮ್ಮ ಪಿಟೀಲು ದೊಡ್ಡ ಸಭೆಯಲ್ಲಿ ನುಡಿಸುವವರಿಗೇ ಸೇರಬೇಕೆಂದು ಹೇಳಿ ಹೋದಿರಿ. ಅವಳು ನುಡಿಸುವುದು ಬಾಡಿಗೆಯದರಲ್ಲಿ. ಆ ಆಶ್ರಮ ನಮ್ಮ ಹಿಂದಿನ ಬೀದಿಯಲ್ಲೇ ಇದೆ, ರೀ; ಇವತ್ತಿನವರೆಗೆ ನಾನು ಕಾಲಿಟ್ಟಿರಲಿಲ್ಲ.

ಸಂಜೆ ಬೀರುವಿನಿಂದ ನಿಮ್ಮ ಪಿಟೀಲಿನ ಪೆಟ್ಟಿಗೆ ಇಳಿಸಿ, ಧೂಳೊರೆಸಿ, ಅವಳ ಮಡಿಲಲ್ಲಿಟ್ಟೆ. ನಿಮ್ಮನ್ನು ಕೇಳಲಿಲ್ಲ.