ಅಣ್ಣನ ರೊಟ್ಟಿಯ ಪಕ್ಕ

ಅಮ್ಮಾ,

ಬೂಟಿನ ದಾರವನ್ನು ಮೂರನೆಯ ಸಲ ಕಟ್ಟಿದೆ. ಹೊರಗೆ ಅಣ್ಣನ ಗೆಳೆಯರು ಜೀಪಿನಲ್ಲಿ ಕಾಯುತ್ತಿದ್ದಾರೆ. "ಬಾರೇ ಐಜಿರೆಕ್, ಲೆನಿನ್ ಶಿಖರ ಕರಗಿಹೋಗುತ್ತೆ!" ಎಂದು ಮಿರ್ಲಾನ್ ಕೂಗುತ್ತಿದ್ದಾನೆ.

ಕರುವನ್ನು ಒಳಗೆ ಕಟ್ಟಿದ್ದೇನೆ. ನಿನ್ನ ಮಾತ್ರೆ ಊಟವಾದ ಮೇಲೆ, ಮೊದಲಲ್ಲ.

"ಒಂದು ತುತ್ತು ಕಚ್ಚಿಟ್ಟು ಹೋಗೇ, ಉಳಿದದ್ದನ್ನ ವಾಪಸ್ ಬಂದು ತಿನ್ನುವಿಯಂತೆ" ಎಂದು ನಿನ್ನೆಯಿಂದ ರೊಟ್ಟಿ ಹಿಡಿದು ನನ್ನ ಹಿಂದೆ ಬಿದ್ದಿದ್ದೀಯ. ಕಚ್ಚಿಟ್ಟವರು ಅದನ್ನು ತಿನ್ನಲು ಮರಳಿ ಬಂದೇ ಬರುತ್ತಾರೆಂದು ನಿನ್ನ ನಂಬಿಕೆ. ಅಣ್ಣ ಕಚ್ಚಿಟ್ಟ ರೊಟ್ಟಿ ಎರಡು ವರ್ಷದಿಂದ ಗೋಡೆಗೆ ತೂಗುಹಾಕಿದಲ್ಲೇ ಒಣಗುತ್ತಿದೆ, ಅವನು ಆ ಶಿಖರದ ಹಿಮದಲ್ಲೇ ಉಳಿದ. ಈಗ ನನ್ನ ಚೀಲದಲ್ಲೂ ನಿನ್ನ ರೊಟ್ಟಿ ಸಿಕ್ಕಿತು. ಅಣ್ಣನದರ ಪಕ್ಕ ಇನ್ನೊಂದು ಒಣಗುವುದು ಬೇಡ, ಮೇಜಿನ ಮೇಲೆ ಇಡಿಯಾಗಿ ಇಟ್ಟಿದ್ದೇನೆ. ನಿನ್ನ ಮುಖ ಕಂಡರೆ ಸೋತೇನೆಂದು, ನೀನು ಹಾಲು ಕೊಟ್ಟು ಬರುವ ಮೊದಲೇ ಹೊರಟೆ.

ನಾನು ಕಚ್ಚುವುದಿಲ್ಲ.